ಕುಶಾಲಪ್ಪನ ಪಿಕಪ್ ಎತ್ತರಿಸಿದವನು ನಾನು

ಕುಶಾಲಪ್ಪನ ಪಿಕಪ್ ಅವತ್ತು ನಿಲ್ಲದೆ ಹೋದದ್ದು ಅವನ ಕಾಲಿನ ತಪ್ಪಿನಿಂದಲ್ಲ, ನನ್ನ ಕೈಯ ತಪ್ಪಿನಿಂದ. ಒಂಬತ್ತು ವರ್ಷಗಳಿಂದ ಇದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ — ಗೊತ್ತಾಗಲು ನಾನು ಬಿಡಲಿಲ್ಲ.

ಇಷ್ಟನ್ನು ಬರೆಯಲು ಕುಳಿತು ಮೂರು ಸಲ ಕಾಗದ ಹರಿದು ಹಾಕಿದೆ. ಪ್ರತಿ ಸಲವೂ ಮೊದಲ ವಾಕ್ಯ 'ಅವತ್ತು ಕರೆಂಟ್ ಹೋಗಿತ್ತು' ಎಂದೇ ಬರುತ್ತಿತ್ತು. ಕರೆಂಟ್ ಹೋಗಿದ್ದು ನಿಜ. ಆದರೆ ಅದು ನಮ್ಮ ಊರಲ್ಲಿ ದಿನಾ ಹೋಗುತ್ತದೆ. ದಿನಾ ಹೋಗುವುದರ ಮೇಲೆ ತಪ್ಪು ಹೊರಿಸುವುದು ಸುಲಭ, ಅದಕ್ಕೇ ಆ ವಾಕ್ಯವನ್ನು ಮೊದಲಿಗಿಡದೆ ಮುಂದಕ್ಕೆ ತಳ್ಳಿದ್ದೇನೆ.

ನಾನು ವಿಶ್ವನಾಥ. ಪುತ್ತೂರಿನ ದರ್ಬೆ ದಾಟಿ ಸುಳ್ಯದ ಕಡೆಗೆ ಹೊರಟರೆ ರಸ್ತೆ ಬದಿಯಲ್ಲಿ ನನ್ನ ಶೆಡ್ಡು ಸಿಗುತ್ತದೆ. ಗಾಡಿಗಳ ಪ್ಲೇಟ್ ಕೆಲಸ ನನ್ನದು — ಹಿಂದಿನ ಆಕ್ಸಲ್ ಮೇಲೆ ಕೂತು ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳಿಗೆ ನಾವು ಹೇಳುವುದು ಪ್ಲೇಟ್ ಎಂದು. ನನ್ನ ಅಪ್ಪ ಹಳೆಯ ಪ್ಲೇಟುಗಳನ್ನು ಕುಲುಮೆಗೆ ಹಾಕಿ ಕತ್ತಿ ಮಾಡುತ್ತಿದ್ದರು. ಮಗ ಪ್ಲೇಟನ್ನು ಪ್ಲೇಟಾಗಿಯೇ ಇಟ್ಟು ಹೊಟ್ಟೆ ಹೊರೆದುಕೊಂಡ. ಕೆಲಸದಲ್ಲಿ ನನಗೆ ಯಾವತ್ತೂ ಬೇಸರ ಬಂದಿಲ್ಲ. ಹೆಂಡತಿ ಕೊಡುವ ಬುತ್ತಿ, ಮಧ್ಯಾಹ್ನ ಹತ್ತು ನಿಮಿಷದ ನಿದ್ದೆ, ಸಂಜೆ ಸ್ನೇಹಿತರ ಹರಟೆ — ನನ್ನದು ತೃಪ್ತಿಯ ಬದುಕು ಎಂದು ಹೇಳಲು ನನಗೆ ಸಂಕೋಚವಿಲ್ಲ. ಆ ತೃಪ್ತಿಯ ಒಳಗೆ ಈ ಒಂದು ವಿಷಯ ಇತ್ತು, ಅಷ್ಟೆ. ಅದಿದ್ದೂ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ ಎನ್ನುವುದೇ ಈಗ ನನಗೆ ಹೆಚ್ಚು ನಾಚಿಕೆಯ ವಿಷಯ.

ಕುಶಾಲಪ್ಪ ಕಡಬದ ಆಚೆಯವನು. ಕೆಂಪುಕಲ್ಲಿನ ಕೋರೆಯಿಂದ ಮನೆ ಕಟ್ಟುವವರಿಗೆ ಕಲ್ಲು ಸಾಗಿಸುತ್ತಿದ್ದ. ಸ್ವಂತ ಪಿಕಪ್. ಕಲ್ಲು ತುಂಬಿದರೆ ಗಾಡಿಯ ಹಿಂಭಾಗ ಕೂತುಬಿಡುತ್ತದೆ, ಮುಂದಿನ ಲೈಟು ರಸ್ತೆ ಬಿಟ್ಟು ಮರದ ತುದಿ ನೋಡುತ್ತದೆ. ಅದಕ್ಕೇ ನಮ್ಮ ಕಡೆ ಹೊಸ ಪಿಕಪ್ ತಂದವರು ಪೂಜೆ ಮುಗಿಸಿ ನೇರ ನನ್ನಂಥವರ ಹತ್ತಿರ ಬಂದು ಹಿಂಭಾಗ ಎತ್ತರಿಸಿಕೊಳ್ಳುತ್ತಾರೆ. ಎರಡು ಪ್ಲೇಟ್ ಹೆಚ್ಚು ಹಾಕುವುದು, ಪ್ಲೇಟಿನ ತುದಿ ತೂಗುವ ಕೊಂಡಿಯನ್ನು ಉದ್ದ ಮಾಡುವುದು. ಆಮೇಲೆ ಖಾಲಿ ಗಾಡಿಯನ್ನು ನೋಡಿದರೆ ನೀರು ಕುಡಿಯಲು ಬಗ್ಗಿದ ಕರುವಿನ ಹಾಗೆ ಕಾಣುತ್ತದೆ. ಹಾಗೆ ಕಾಣಬೇಕು ಎನ್ನುವುದೂ ಒಂದು ಶೋಕಿಯೇ. ನಾನು ಎತ್ತರಿಸಿದ ಗಾಡಿಗಳನ್ನು ದೂರದಿಂದಲೇ ಗುರುತಿಸುತ್ತಿದ್ದೆ, ಪಕ್ಕದಲ್ಲಿದ್ದವರಿಗೆ ತೋರಿಸಿಯೂ ತೋರಿಸುತ್ತಿದ್ದೆ.

ಆ ಗಾಡಿಗಳ ಹೊಟ್ಟೆಯಡಿ ಒಂದು ಸಣ್ಣ ರಾಡ್ ಇರುತ್ತದೆ. ಒಂದು ತುದಿ ಆಕ್ಸಲಿಗೆ, ಇನ್ನೊಂದು ತುದಿ ಮೇಲಿನ ಬ್ರೇಕ್ ವಾಲ್ವಿಗೆ. ಭಾರ ಬಿದ್ದು ಗಾಡಿ ತಗ್ಗಿದಾಗ ಆ ರಾಡ್ ವಾಲ್ವನ್ನು ಒತ್ತುತ್ತದೆ. ಆಗ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಸಿಗುತ್ತದೆ. ಹಿಂಭಾಗ ಎತ್ತರಿಸಿದರೆ ರಾಡ್ ಎಟುಕುವುದಿಲ್ಲ. ಹಾಗೆಂದು ಬಿಡುವಂತಿಲ್ಲ. ಎಷ್ಟು ಎತ್ತರಿಸಿದೆವೋ ಅಷ್ಟಕ್ಕೆ ಸರಿಯಾಗಿ ಒಂದು ಪಟ್ಟಿ ವೆಲ್ಡ್ ಮಾಡಿ ರಾಡನ್ನು ಸೇರಿಸಬೇಕು. ಇಲ್ಲದಿದ್ದರೆ ಕಲ್ಲು ತುಂಬಿದ್ದರೂ ಗಾಡಿ ಖಾಲಿ ಇದೆ ಎಂದೇ ಆ ವಾಲ್ವು ತಿಳಿದುಕೊಳ್ಳುತ್ತದೆ.

ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ — ಗೊತ್ತಿತ್ತು.

ಅವತ್ತು ಆಯುಧಪೂಜೆಯ ಹಿಂದಿನ ದಿನ. ಶೆಡ್ಡಿನ ಎದುರು ಆರು ಗಾಡಿ ಸಾಲು ನಿಂತಿದ್ದವು, ಎಲ್ಲರಿಗೂ ಮರುದಿನ ಬೆಳಿಗ್ಗೆ ಗಾಡಿ ತೊಳೆದು ಹೂ ಹಾಕಬೇಕು. ಕುಶಾಲಪ್ಪನ ಗಾಡಿಯ ಪ್ಲೇಟ್ ಕೂರಿಸಿ ಆಗಿತ್ತು. ಮಧ್ಯಾಹ್ನ ಗುಡುಗಿತು, ಕರೆಂಟ್ ಹೋಯಿತು, ವೆಲ್ಡಿಂಗ್ ನಿಂತಿತು. ನಾನು ರಾಡನ್ನು ಆಕ್ಸಲಿನಿಂದ ಬಿಚ್ಚಿ, ತಾಗಿ ಸದ್ದು ಮಾಡದಿರಲಿ ಎಂದು ತಂತಿಯಿಂದ ಮೇಲೆ ಕಟ್ಟಿಟ್ಟೆ. ಪೂಜೆ ಕಳೆದ ಮೇಲೆ ಕರೆದರಾಯಿತು ಎಂದುಕೊಂಡೆ. ಗಾಡಿಯಡಿಯಿಂದ ಹೊರಗೆ ಬಂದಾಗ ಕುಶಾಲಪ್ಪ ಕೇಳಿದ —

"ಬ್ರೇಕಿಗೆ ಎಂತದಾದ್ರೂ ತೊಂದ್ರೆ ಉಂಟಾ ವಿಶ್ವ?"

"ಎಂತ ಇಲ್ಲ, ನೀನು ಹೋಗು ಮಾರಾಯ."

ಇಷ್ಟೇ ನಾನು ಹೇಳಿದ್ದು. ನಾಲ್ಕು ದಿನ ಕಲ್ಲು ತುಂಬಬೇಡ, ಒಂದು ಕೆಲಸ ಬಾಕಿ ಉಂಟು ಎಂದಿದ್ದರೆ ಅವನು ಖಂಡಿತ ಕೇಳುತ್ತಿದ್ದ. ನನ್ನ ಮಾತು ಅವನಿಗೆ ವೇದವಾಕ್ಯ. ಆದರೆ ಕೆಲಸ ಅರ್ಧ ಆಗಿದೆ ಎಂದು ಆರು ಜನ ಗಿರಾಕಿಗಳ ಎದುರು ಹೇಳಲು ನನಗೆ — ಏನೆಂದು ಬರೆಯಲಿ — ಮರ್ಯಾದೆ ಅಡ್ಡ ಬಂತು. ಪೂಜೆ ಕಳೆದ ಮೇಲೆ ನಾನು ಕರೆಯಲೂ ಇಲ್ಲ. ಮರೆತೆ.

ಐದನೆಯ ದಿನ ಪಂಜದ ಕಡೆಯ ಒಂದು ಇಳಿಜಾರಿನಲ್ಲಿ, ಕಲ್ಲು ತುಂಬಿದ್ದ ಗಾಡಿಯ ಮುಂದೆ ಬಸ್ಸೊಂದು ಜನ ಇಳಿಸಲು ನಿಂತಿತು. ಕುಶಾಲಪ್ಪ ಬ್ರೇಕ್ ಒತ್ತಿದ. ಗಾಡಿ ನಿಧಾನವಾಯಿತು, ನಿಲ್ಲಲಿಲ್ಲ. ಬಸ್ಸಿಗೆ ಹೊಡೆಯುವ ಬದಲು ಅವನು ಎಡಕ್ಕೆ ಎಳೆದು ರಸ್ತೆ ಬದಿಯ ಎತ್ತರದ ಮಣ್ಣಿನ ಬರೆಗೆ ಗುದ್ದಿದ. ಬಸ್ಸಿನಲ್ಲಿದ್ದವರಿಗೆ ಏನೂ ಆಗಲಿಲ್ಲ. ಎಡಗಡೆ ಕೂತಿದ್ದ ಮೋಹನನ ಮೊಣಕಾಲು ಒಡೆಯಿತು. ಮೋಹನ ಎಂದರೆ ಕುಶಾಲಪ್ಪನ ಹೆಂಡತಿ ಗಿರಿಜಕ್ಕನ ತಮ್ಮ, ಕಲ್ಲು ಇಳಿಸಲು ಜೊತೆಗೆ ಹೋಗುತ್ತಿದ್ದವನು. ಅವನು ಈಗಲೂ ಎಡಗಾಲು ಎಳೆದೇ ನಡೆಯುತ್ತಾನೆ.

ಗಾಡಿಯನ್ನು ಎಳೆದು ತಂದದ್ದು ನನ್ನ ಶೆಡ್ಡಿಗೇ. ಬೇರೆಲ್ಲಿಗೆ ತರುತ್ತಾರೆ? ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲು ನಾನು ಅಡಿಗೆ ನುಸುಳಿದೆ. ನಾನು ಕಟ್ಟಿದ ತಂತಿ ಕಟ್ಟಿದ ಹಾಗೆಯೇ ಇತ್ತು. ನೋಡುತ್ತಾ ಸ್ವಲ್ಪ ಹೊತ್ತು ಮಲಗಿದ್ದೆ. ಆಮೇಲೆ ತಂತಿ ಕತ್ತರಿಸಿದೆ. ಪಟ್ಟಿ ಇಟ್ಟು ವೆಲ್ಡ್ ಮಾಡಿದೆ — ಅವತ್ತು ಕರೆಂಟ್ ಇತ್ತು — ರಾಡ್ ಸೇರಿಸಿದೆ, ಹೊಸ ವೆಲ್ಡಿನ ಮೇಲೆ ಗ್ರೀಸ್ ಮತ್ತು ಮಣ್ಣು ಬಳಿದೆ. ಹತ್ತು ಗಂಟೆಗೆ ಆರ್‌ಟಿಒ ಕಚೇರಿಯಿಂದ ಗಾಡಿ ಪರೀಕ್ಷೆ ಮಾಡುವವರು ಬಂದರು. ಬ್ರೇಕ್ ಸರಿ ಇದೆ ಎಂದು ಬರೆದುಕೊಂಡು ಹೋದರು.

ಮೊದಲನೆಯದನ್ನು ತಪ್ಪು ಎನ್ನಬಹುದು. ಇದಕ್ಕೆ ಆ ಹೆಸರು ಸಾಲದು.

ಬ್ರೇಕ್ ಸರಿ ಇದ್ದರೆ ತಪ್ಪು ಯಾರದು? ಡ್ರೈವರನದು. ನಿದ್ದೆ ತೂಗಿರಬೇಕು ಎಂದರು ಕೆಲವರು. ಹಬ್ಬದ ಮರುವಾರ ಅಲ್ಲವಾ, ಸ್ವಲ್ಪ ಹಾಕಿಕೊಂಡಿದ್ದಿರಬೇಕು ಎಂದರು ಇನ್ನು ಕೆಲವರು. ಕುಡಿತದ ವಾಸನೆಯೇ ಆಗದ ಮನುಷ್ಯ ಅವನು. ಅವನು ಯಾರಿಗೂ ಎದುರಾಡಲಿಲ್ಲ. ಕಾಲು ತಡವಾಗಿ ಹೋಗಿರಬೇಕು, ನನಗೇ ಗೊತ್ತಾಗಲಿಲ್ಲ ಎಂದ. ಹೇಳಿ ಹೇಳಿ ಅದನ್ನೇ ನಂಬಿದ. ರಿಪೇರಿಗೆ ನಾನು ಮಜೂರಿ ತೆಗೆದುಕೊಳ್ಳಲಿಲ್ಲ, ಅದನ್ನು ಅವನು ನನ್ನ ದೊಡ್ಡತನ ಅಂದುಕೊಂಡ. ಗಾಡಿ ಮಾರಿದ. ಆಮೇಲೆ ಸ್ಟೇರಿಂಗ್ ಹಿಡಿಯಲಿಲ್ಲ, ಸ್ಕೂಟರ್ ಕೂಡ ಮುಟ್ಟಲಿಲ್ಲ. ಒಂದು ನರ್ಸರಿಯಲ್ಲಿ ಕಸಿ ಕಟ್ಟುವ ಕೆಲಸಕ್ಕೆ ಸೇರಿದ. ಬಸ್ಸಿನಲ್ಲಿ ಅವನ ಪಕ್ಕ ಕೂತರೆ ಇಳಿಜಾರು ಬಂದಾಗಲೆಲ್ಲ ಅವನ ಬಲಗಾಲು ನೆಲ ಒತ್ತುವುದು ಕಾಣುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ವರ್ಷಕ್ಕೊಮ್ಮೆ ಅವನು ತನ್ನ ಕುಟುಂಬದ ದೈವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕುತ್ತಾನೆ. ಒಂದು ವರ್ಷ ನನ್ನನ್ನೂ ಕರೆದುಕೊಂಡು ಹೋಗಿದ್ದ. "ನನ್ನ ಕಾಲಿಂದ ಆದ ತಪ್ಪು, ಒಪ್ಪಿಸಿಕೊಳ್ಬೇಕು" ಎಂದು ಕೈಮುಗಿದ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಪಕ್ಕದಲ್ಲಿ ಕೈಮುಗಿದು ನಿಂತಿದ್ದ, ಉಣ್ಣುತ್ತಿದ್ದವನು ಬೇರೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಪ್ರಸಾದ ತೆಗೆದುಕೊಂಡು ಮನೆಗೆ ಬಂದೆ — ಊಟವನ್ನೂ ಮಾಡಿದೆ.

ಹೋದ ತಿಂಗಳು ಗಿರಿಜಕ್ಕ ಶೆಡ್ಡಿಗೆ ಬಂದರು. ಪಂಚಾಯತಿನ ಕಸ ಒಯ್ಯುವ ಗಾಡಿಗೆ ಈಗ ಹೆಂಗಸರೇ ಡ್ರೈವರುಗಳು. ಅವರ ಸ್ವಸಹಾಯ ಸಂಘದಿಂದ ಗಿರಿಜಕ್ಕನ ಹೆಸರು ಹೋಗಿತ್ತು, ಅವರು ತರಬೇತಿ ಮುಗಿಸಿ ಲೈಸನ್ಸನ್ನೂ ತೆಗೆದುಕೊಂಡಿದ್ದರು. ನಲವತ್ತೆರಡನೆಯ ವಯಸ್ಸಿನಲ್ಲಿ ಕಲಿತ ವಿದ್ಯೆ, ಮುಖದಲ್ಲಿ ಅದರ ಬೆಳಕು ಇತ್ತು. ಸೋಮವಾರದೊಳಗೆ ಕೆಲಸ ಒಪ್ಪಿಕೊಂಡು ಸಹಿ ಹಾಕಬೇಕಿತ್ತು.

"ಇವ್ರು ಬೇಡವೇ ಬೇಡ ಅಂತಾರೆ ವಿಶ್ವಣ್ಣ. ನಿನ್ನ ತಮ್ಮನ ಕಾಲು ತೆಗ್ದದ್ದು ಸಾಕು, ಇನ್ನು ಈ ಮನೆಯಿಂದ ಯಾರೂ ಗಾಡಿ ಓಡಿಸುದು ಬೇಡ ಅಂತಾರೆ. ನಿಮ್ಮ ಮಾತಾದ್ರೆ ಕೇಳ್ತಾರೆ. ಒಂದು ಸಲ ಬಂದು ಹೇಳ್ತೀರಾ?"

ಅವರು ಬೇರೆ ಯಾರ ಹತ್ತಿರವಾದರೂ ಹೋಗಬಹುದಿತ್ತು. ನನ್ನ ಹತ್ತಿರವೇ ಬಂದರು, ನಂಬಿಕೆಯಿಂದ ಬಂದರು. ಹೇಳುತ್ತೇನೆ ಎಂದೆ. ಏನು ಹೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮರುದಿನ ಬಸ್ಸು ಹತ್ತಿ ನರ್ಸರಿಗೆ ಹೋದೆ. ಕುಶಾಲಪ್ಪ ನೆರಳಿನಲ್ಲಿ ಕೂತು ರಂಬುಟಾನ್ ಗಿಡಕ್ಕೆ ಕಸಿ ಕಟ್ಟುತ್ತಿದ್ದ. ನನ್ನನ್ನು ನೋಡಿ ನಕ್ಕ. "ಗಿರಿಜ ಕಳ್ಸಿದ್ದಾ?" ಎಂದ. ನಾನು ನಿಂತೇ ಹೇಳಿದೆ, ಕೂತರೆ ಹೇಳಲಾರೆ ಅನ್ನಿಸಿತು. ರಾಡ್, ತಂತಿ, ನಾನು ಹೇಳಿದ ಮಾತು, ಮರುದಿನ ಬೆಳಿಗ್ಗೆಯ ವೆಲ್ಡಿಂಗ್, ಬಳಿದ ಮಣ್ಣು — ಯಾವುದನ್ನೂ ಬಿಡಲಿಲ್ಲ. ಅವನ ಕೈ ನಿಲ್ಲಲಿಲ್ಲ. ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತಿ ಸುತ್ತಿ ಗಂಟು ಹಾಕಿ, ಗಿಡವನ್ನು ಸಾಲಿನಲ್ಲಿ ಇಟ್ಟ. ಆಮೇಲೆ ಎದ್ದ.

ನರ್ಸರಿಯ ಅಂಗಳದಲ್ಲಿ ಒಂದು ಪಿಕಪ್ ಇತ್ತು. "ತೋರ್ಸು" ಎಂದ. ಇಬ್ಬರೂ ಅದರಡಿ ಮಲಗಿದೆವು. ನಾನು ಬೆರಳಿಟ್ಟು ತೋರಿಸಿದೆ.

"ಇದಾ?"

"ಇದೇ."

ಅವನು ಅದನ್ನು ಹಿಡಿದು ಅಲ್ಲಾಡಿಸಿ ನೋಡಿದ. ಗೇಣುದ್ದದ ಕಬ್ಬಿಣ. ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಹಗುರವಾಗುತ್ತಿತ್ತೋ ಏನೋ.

"ನನ್ನ ಮಗಳು ಮಳೆಗೂ ನಡ್ಕೊಂಡೇ ಶಾಲೆಗೆ ಹೋದ್ಲು ವಿಶ್ವ. ಅಂಗಳದಲ್ಲಿ ಸ್ಕೂಟರ್ ಇತ್ತು. ನನ್ನ ಹಿಂದೆ ಕೂರಿಸ್ಲಿಕ್ಕೆ ನನಗೇ ಹೆದ್ರಿಕೆ."

 

ಬೆನ್ನಿನ ಮಣ್ಣು ಕೊಡವಿಕೊಂಡು ಅವನೇ ಮುಂದುವರಿಸಿದ. "ನನ್ಗೆ ಮಾತ್ರ ಹೇಳಿದ್ರೆ ಆಗ್ಲಿಲ್ಲ. ಮೋಹನನಿಗೆ ಮತ್ತೆ ಗಿರಿಜನಿಗೆ ನೀನೇ ಹೇಳ್ಬೇಕು. ನಾನು ಹೇಳಿದ್ರೆ, ತಪ್ಪಿಸಿಕೊಳ್ಳಿಕ್ಕೆ ಕಥೆ ಕಟ್ತಾನೆ ಅಂತ ಆಗ್ತದೆ." ಅಷ್ಟು ಹೇಳಿ ಗಿಡಗಳ ಕಡೆ ಹೋದ. ತಿರುಗಿ ನೋಡಲಿಲ್ಲ.

ಅಲ್ಲಿಂದ ನೇರ ಮೋಹನ ಈಗ ಇಟ್ಟುಕೊಂಡಿರುವ ಅಂಗಡಿಗೆ ಹೋದೆ. ಅವನು ನನ್ನ ಮಾತೆಲ್ಲ ಕೇಳಿ, ನನ್ನನ್ನು ಬೈಯುವುದೂ ಮರೆತು, "ಭಾವ ಬೇಜಾರು ಮಾಡ್ಕೊಳ್ತಾರೆ ಅಂತ ನಾನು ಅವ್ರ ಎದುರು ಕಾಲು ನೋವು ಅಂತ ಒಂದು ದಿನವೂ ಹೇಳ್ಲಿಲ್ಲ" ಎಂದ. ಆಮೇಲೆ ಬೈದ, ಬೇಕಾದಷ್ಟು ಬೈದ. ಸಂಜೆ ಮನೆಗೆ ಹೋಗಿ ಹೇಳಿದಾಗ ಗಿರಿಜಕ್ಕ ಬೈಯಲಿಲ್ಲ. ಹಿಂದಿನ ದಿನ ನನ್ನ ಶೆಡ್ಡಿನಲ್ಲಿ ಚಹಾ ಕುಡಿದು ಹೋಗಿದ್ದವರು, ಅವತ್ತು ನನಗೆ ಕೂರಲು ಹೇಳಲಿಲ್ಲ.

ಆಮೇಲಿನದು ನಾನು ಮಾಡಬೇಕಿದ್ದ ಕೆಲಸ. ಸಂಜೆಯ ಹರಟೆಯ ಸ್ನೇಹಿತರಿಗೆ ಹೇಳಿದೆ. ನಿದ್ದೆ, ಕುಡಿತ ಎಂದು ಮಾತಾಡಿದವರಲ್ಲಿ ನೆನಪಾದವರಿಗೆಲ್ಲ ಹೇಳಿದೆ. ನಾಲ್ಕೈದು ಗಿರಾಕಿಗಳು ಕಬಕದ ಕಡೆಯ ಬೇರೆ ಶೆಡ್ಡಿಗೆ ಹೋದರು. ಹೋಗಲಿ, ಅವರ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ. ಈಗ ಗಾಡಿ ಎತ್ತರಿಸಲು ಬಂದವರನ್ನು ಅಡಿಗೆ ಕರೆದು ರಾಡ್ ತೋರಿಸಿಯೇ ಕಳಿಸುತ್ತೇನೆ. ಕೆಲವರು ನಗುತ್ತಾರೆ. ಕೆಲಸ ಅರ್ಧವಾಗಿದ್ದರೆ ಅರ್ಧವಾಗಿದೆ ಎಂದು ಎಲ್ಲರ ಎದುರೇ ಹೇಳುತ್ತೇನೆ. ಇದರಿಂದ ಹಳೆಯದು ತೀರುವುದಿಲ್ಲ ಎಂದು ಗೊತ್ತು.

ಕುಶಾಲಪ್ಪ ನನ್ನ ಹತ್ತಿರ ಮಾತಾಡುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡರೂ ದಾಟಿ ಹೋಗುತ್ತಾನೆ.

ಸೋಮವಾರ ಕಳೆದು ಒಂದು ವಾರಕ್ಕೆ, ಬೆಳಿಗ್ಗೆ ಕೆಲಸದ ನಡುವೆ ಗಿರಿಜಕ್ಕನ ಫೋನ್ ಬಂತು. ಹಲೋ ಎನ್ನದೆ ನೇರ ಮಾತಿಗೆ ಬಂದರು.

"ಇವ್ರು ಇವತ್ತು ಕಸದ ಗಾಡಿಯಲ್ಲಿ ನನ್ನ ಪಕ್ಕ ಕೂತು ಬಂದ್ರು. ಇಳಿಜಾರಿನ ಮೇಲೆ ಗಾಡಿ ನಿಲ್ಲಿಸ್ಲಿಕ್ಕೆ ಹೇಳಿ, ನನ್ನನ್ನು ಆಚೆ ಕೂರಿಸಿ, ಕೆಳಗಿನವರೆಗೆ ಅವ್ರೇ ಓಡಿಸಿದ್ರು."

ನಾನು ಪ್ಲೇಟ್ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಏನೋ ಹೇಳಲು ಹೊರಟೆ, ಅವರು ಬಿಡಲಿಲ್ಲ.

"ನಿಮ್ಮ ಮೇಲಿನ ಸಿಟ್ಟು ಹೋಗಿದೆ ಅಂತ ಫೋನ್ ಮಾಡಿದ್ದಲ್ಲ. ಹೋಗ್ಲಿಲ್ಲ. ಹೋಗುದೂ ಇಲ್ಲ. ಆದ್ರೆ ಇದು ನಿಮ್ಗೆ ಗೊತ್ತಾಗ್ಬೇಕು ಅಂತ ಕಂಡಿತು."

ಆಯಿತು ಗಿರಿಜಕ್ಕ ಎಂದೆ. ಅವರು ಫೋನ್ ಇಟ್ಟರು. ಆ ಸಿಟ್ಟು ಇರಲಿ. ಒಂಬತ್ತು ವರ್ಷ ಕುಶಾಲಪ್ಪ ತನ್ನ ಕಾಲಿನ ಮೇಲೆ ಮಾಡಿಕೊಂಡಿದ್ದ ಸಿಟ್ಟು ಅದು, ಈಗ ಬರಬೇಕಾದವನ ಹತ್ತಿರ ಬಂದಿದೆ.