ಪೂಜೆಗಿಟ್ಟ ಡಿಸ್ಕು

ಹಂಸಾಬೆನ್, ನಿಮ್ಮ ಚಿತ್ರಗಳನ್ನು ಅಳಿಸಿದವಳು ನಾನು. ನೀವಲ್ಲ. ಕರೆಂಟೂ ಅಲ್ಲ, ವೈರಸ್ಸೂ ಅಲ್ಲ — ನಾನು.

ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ಹಿಂದುಮುಂದು ನೋಡುತ್ತ ಕೂತರೆ ಕುಕ್ಕರ್ ಕೂಗುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಇಷ್ಟು ವರ್ಷ ಆದಂತೆಯೇ ಇವತ್ತೂ —

ನಿಮ್ಮೂರು ಉಧ್ನಾದ ಆ ಸೀರೆ ಕಾರ್ಖಾನೆಯ ಮಹಡಿ ಕೋಣೆಯಲ್ಲಿ ನಾವಿಬ್ಬರೇ ಹೆಂಗಸರು. ನೀವು ಸೀರೆಯ ಅಂಚಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಿರಿ. ಗಂಡನ ರೈಲ್ವೆ ವರ್ಗಾವಣೆಯ ಹಿಂದೆ ಮೈಸೂರಿನಿಂದ ಬಂದ ನಾನು ಆ ಫೈಲುಗಳನ್ನು ಜೋಡಿಸಿಡುತ್ತಿದ್ದೆ. ನಿಮ್ಮ ಊಟದ ಡಬ್ಬಿಯ ಥೇಪ್ಲಾ ರೊಟ್ಟಿಗಳಲ್ಲಿ ಒಂದು ಯಾವಾಗಲೂ ನನ್ನದು. ಚಹಾವನ್ನು ಸಾಸರಿಗೆ ಸುರಿದು, ಕೇಳುವ ಮೊದಲೇ ನನ್ನ ಕಡೆ ತಳ್ಳುತ್ತಿದ್ದಿರಿ.

ಕಂಪ್ಯೂಟರ್ ಬೇಗ ತುಂಬಿಕೊಳ್ಳುತ್ತಿತ್ತು. ಅದಕ್ಕೆಂದೇ ಪೈಥಾನ್ ಕಲಿತು ಒಂದು ಸ್ಕ್ರಿಪ್ಟ್ ಬರೆದೆ. ತಿಂಗಳಿಗೊಂದು ಸಂಜೆ ಅದು ತಾನಾಗಿ ಎದ್ದು, ನಕಲು ಮಾಡುವ ಬೇರೊಂದು ಪ್ರೋಗ್ರಾಮನ್ನು ಕರೆದು, ಚಿತ್ರಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಹಾಕಿಸುತ್ತಿತ್ತು. ಆಮೇಲೆ ಅಳಿಸುವ ಆಜ್ಞೆ ಕೊಟ್ಟು ಕಂಪ್ಯೂಟರನ್ನು ಖಾಲಿ ಮಾಡುತ್ತಿತ್ತು. ಹೀಗೆ ಕರೆಸಿಕೊಂಡ ಪ್ರೋಗ್ರಾಮ್ ಹೋಗುವಾಗ ಒಂದು ಅಂಕಿ ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಕೆಲಸ ಆಯಿತು, ಬೇರೇನಾದರೂ ಆದರೆ ಕೆಟ್ಟಿತು. ನನ್ನ ಸ್ಕ್ರಿಪ್ಟ್ ಆ ಅಂಕಿಯನ್ನು ನೋಡುತ್ತಿರಲಿಲ್ಲ. ನೋಡು ಎಂದು ನಾನು ಬರೆದಿರಲಿಲ್ಲ. ಕಪ್ಪು ಪರದೆಯಲ್ಲಿ ಅಕ್ಷರ ಓಡಿದರೆ ಮಾಲೀಕ ಶೇಠ್‌ಜಿಗೆ ಗಾಬರಿ ಎಂದು, ಆ ಪ್ರೋಗ್ರಾಮಿನ ಗೊಣಗಾಟವನ್ನೂ ಮುಚ್ಚಿಸಿದ್ದೆ.

ಆಯುಧಪೂಜೆ ಬಂತು. ಕಂಪ್ಯೂಟರನ್ನು ಒಂದು ದಿನ ಪೂಜೆಗೆ ಬಿಡೋಣ ಎಂದರೆ ಶೇಠ್‌ಜಿ ಹೌಹಾರಿದರು. "ಅರೆ ಬೆನ್, ದಿವಾಳಿ ಮಾಲು ಯಾರು ಕಳಿಸ್ತಾರೆ? ನಿಮ್ಮ ಚಾಮುಂಡಿನಾ?"

ಡಿಸ್ಕನ್ನಾದರೂ ಇಡುತ್ತೇನೆ ಎಂದು ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಹಚ್ಚಿ ದೇವಿಯ ಪಟದ ಮುಂದಿಟ್ಟೆ. ನೀವು ನಕ್ಕಿರಿ. "ಡಬ್ಬಿಗೂ ಚಾಂದ್ಲೋ ಬೊಟ್ಟು! ನಾಳೆ ದಸರಾಕ್ಕೆ ಅದಕ್ಕೂ ಫಾಫ್ಡಾ-ಜಲೇಬಿ ತಿನ್ನಿಸ್ತೀರಾ?"

ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು, ಅದು ನಮ್ಮ ಮನೆಯ ನೇಮ. ಮುಟ್ಟಲಿಲ್ಲ. ಆ ತಿಂಗಳ ಸರದಿ ಅದೇ ಸಂಜೆ, ನನಗೆ ಮರೆತಿತ್ತು; ಸ್ಕ್ರಿಪ್ಟ್ ಎದ್ದಿತು. ನಕಲು ಮಾಡುವ ಪ್ರೋಗ್ರಾಮಿಗೆ ಡಿಸ್ಕು ಸಿಗಲಿಲ್ಲ. ಆಗಲಿಲ್ಲ ಎಂದು ತನ್ನ ಅಂಕಿ ಬಿಟ್ಟುಹೋಯಿತು. ಯಾರೂ ನೋಡಲಿಲ್ಲ. ಅಳಿಸುವ ಆಜ್ಞೆ ತನ್ನ ಕೆಲಸ ಮಾಡಿತು — ಆ ಹಬ್ಬಕ್ಕೆಂದು ನೀವು ಬಿಡಿಸಿದ ಅಷ್ಟೂ ಅಂಚುಗಳು, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಹಾಯದೆ —

ರಜೆ ಮುಗಿಸಿ ಬಂದಾಗ ಡಿಸ್ಕು ನನ್ನ ಕೈಯಲ್ಲಿತ್ತು. ಕುಂಕುಮ ಹೆಬ್ಬೆರಳಿಗೆ ಅಂಟಿತ್ತು. ಖಾಲಿ ಪರದೆ ನೋಡಿದೊಡನೆ ನನಗೆ ಎಲ್ಲ ಗೊತ್ತಾಯಿತು.

"ಆವತ್ತು ಇದರ ಮುಂದೆ ಕೊನೆಗೆ ಕೂತವರು ಯಾರು?" ಶೇಠ್‌ಜಿ ಕೇಳಿದರು.

"ಹಂಸಾಬೆನ್," ಎಂದೆ.

ನಿಜವೇ. ಅದೆಲ್ಲ ಮುಗಿದ ಮೇಲೆ ಕಂಪ್ಯೂಟರ್ ಆರಿಸಿ ಹೋದವರು ನೀವು. ಒಬ್ಬರನ್ನು ಕೆಳಗಿಳಿಸಲು ಅಷ್ಟು ನಿಜ ಸಾಕಾಯಿತು.

"ನಾನು ಸ್ವಿಚ್ ಒತ್ತಿದೆ, ಅಷ್ಟೇ. ನೀವೇ ಹೇಳಿ ಬೆನ್," ಎಂದು ನೀವು ನನ್ನ ಮುಖ ನೋಡಿದಿರಿ. ನಾನು ಪರದೆಯ ಕಡೆ ತಿರುಗಿದೆ.

ನಿಮ್ಮನ್ನು ಕೆಳಗೆ ಸೀರೆ ಮಡಚುವ ಮೇಜಿಗೆ ಹಾಕಿದರು. ಅಂಚು ಬಿಡಿಸುತ್ತಿದ್ದ ಕೈ ಇವತ್ತಿಗೂ ಬೇರೆಯವರ ಅಂಚುಗಳನ್ನು ಮಡಚುತ್ತಿದೆ. ನಾನೋ, ಬಾಗಿಲು ಹಾಕಿಕೊಂಡು ಸ್ಕ್ರಿಪ್ಟ್ ತಿದ್ದಿದೆ. ನಕಲು ಕೆಟ್ಟರೆ ಅಲ್ಲೇ ನಿಲ್ಲು ಎಂದು ಒಂದು 'ಚೆಕ್' ಸೇರಿಸಿದೆ. ಅದಕ್ಕೆ ಬುದ್ಧಿ ಬಂತು. ಎಲ್ಲಿ ತಪ್ಪಿತು ಎಂದು ಗೊತ್ತಿರದೆ ಯಾರೂ ಹಾಗೆ ತಿದ್ದುವುದಿಲ್ಲ.

ಮೊನ್ನೆ ಗಂಡನಿಗೆ ಹೇಳಿದೆ. "ಬಿಡು ಕಣೇ, ಹಳೇ ಕಥೆ. ಮಷೀನು ಅಂದ್ಮೇಲೆ ಎಡವತ್ತೆ. ಈಗ ಬಾಯಿಬಿಟ್ರೆ ನಿನ್ನನ್ನೇ ಕೆಳಗೆ ಕಳಿಸ್ತಾರೆ."

ಕಳಿಸಲಿ. ಸೀರೆ ಮಡಚಲು ನನಗೂ ಕೈಗಳಿವೆ. ಆದರೆ ಮಷೀನು ಎಡವಿತು ಎಂದು ಮಾತ್ರ ನನ್ನ ಮುಂದೆ ಯಾರೂ ಹೇಳಬೇಡಿ. ಅದು ನಾನು ಹೇಳಿದ್ದನ್ನು ಹೇಳಿದಂತೆ ಮಾಡಿತು. ಸೋತಾಗ ಸೋತೆ ಎಂದೂ ಹೇಳಿತು. ಹೇಳದವಳು ನಾನೊಬ್ಬಳೇ. ಹೆದರಿದ್ದೆ, ಮನೆ ನಡೆಯಬೇಕಿತ್ತು — ಇಲ್ಲ, ಅದನ್ನೂ ಬರೆಯುವುದಿಲ್ಲ.

ಹಂಸಾಬೆನ್, ಇದನ್ನು ನೀವು ಓದಲಾರಿರಿ. ನಿಮಗೆ ಕನ್ನಡ ಬಾರದು. ಇಷ್ಟು ಬರೆದ ಮೇಲೆ ಹೊಳೆಯಿತು, ಇದೂ ಒಂದು ಬಚ್ಚಿಟ್ಟುಕೊಳ್ಳುವಿಕೆಯೇ. ಅದಕ್ಕೇ ಒಲೆಯ ಮುಂದೆ ನಿಂತು ನಿಮ್ಮ ಭಾಷೆಯಲ್ಲಿ ಬಾಯಿಪಾಠ ಮಾಡುತ್ತಿದ್ದೇನೆ: ಭೂಲ್ ಮಾರೀ ಹತೀ. ತಪ್ಪು ನನ್ನದಾಗಿತ್ತು.

ನಾಳೆ ಮತ್ತೆ ಆಯುಧಪೂಜೆ. ಡಿಸ್ಕು ಕಂಪ್ಯೂಟರಿಗೆ ಅಂಟಿಕೊಂಡು ಅದರ ಜಾಗದಲ್ಲೇ ಇರುತ್ತದೆ. ಆರತಿಗೆ ಮೊದಲು ನಿಮ್ಮನ್ನು ಮೇಲಕ್ಕೆ ಕರೆದು, ಶೇಠ್‌ಜಿಯ ಎದುರು, ಮಡಚುವ ಮೇಜಿನವರೆಲ್ಲರ ಎದುರು ಹೇಳುತ್ತೇನೆ. ನೀವು ಬೈಯಬಹುದು. ಬೈಯದೆ ಸುಮ್ಮನೆ ನನ್ನ ಮುಖ ನೋಡಬಹುದು. ಏನೇ ಮಾಡಿ, ಈ ಸಲ ನಾನು ಪರದೆಯ ಕಡೆ ತಿರುಗುವುದಿಲ್ಲ.