ಎರಡು ಸಲ ಬರೆದ ಅರ್ಜಿ

ಮುಂಬಯಿಯ ವಿಕ್ರೋಳಿಯ ಕಾರ್ಖಾನೆಯೊಂದರ ಪಂಚಿಂಗ್ ವಿಭಾಗದಲ್ಲಿ ರಾಚವ್ವ ಹದಿನಾರು ವರ್ಷ ಕೂತಳು. ಮೊದಲು ಒಬ್ಬಳು ಕಾಗದ ನೋಡಿ ಕೀಲಿ ಒತ್ತಿ ಕಂಪ್ಯೂಟರಿನ ಕಾರ್ಡಿಗೆ ತೂತು ಹೊಡೆಯುತ್ತಿದ್ದಳು. ಅದೇ ಕಾಗದ ನೋಡಿ ಅದೇ ಕಾರ್ಡಿನ ಮೇಲೆ ರಾಚವ್ವ ಇನ್ನೊಮ್ಮೆ ಕೀಲಿ ಒತ್ತಬೇಕು. ಎರಡೂ ತಾಳೆ ಕೂಡಿದರೆ ಕಾರ್ಡು ಮುಂದೆ ಹೋಗುತ್ತಿತ್ತು. ಒಂದಂಕಿ ಹೆಚ್ಚುಕಡಿಮೆಯಾದರೂ ಮಷೀನು ಕಟ್ಟೆಂದು ನಿಲ್ಲುತ್ತಿತ್ತು. ವಿಜಾಪುರದ ಕಡೆಯವಳು, ಇಂಗ್ಲಿಷ್ ಅಕ್ಷರವೆಲ್ಲ ಗೊತ್ತು, ಅರ್ಥ ಅಷ್ಟಕ್ಕಷ್ಟೆ. ಕಾಗದದಲ್ಲಿದ್ದದ್ದು ಕಣ್ಣಿನಿಂದ ನೇರ ಬೆರಳಿಗೆ ಇಳಿಯುತ್ತಿತ್ತು, ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ.

೧೯೮೭ರ ದೀಪಾವಳಿ ಕಳೆದ ಮೇಲೆ ಸಾಹೇಬರು ಹೇಳಿದರು: ಮಾರ್ಚಿಗೆ ಕಾರ್ಡು ಬಂದ್, ಇನ್ನೆಲ್ಲ ಟಿವಿಯಂಥ ಪರದೆಯ ಮೇಲೆ. ಹೊಸ ಮಷೀನು ಕಲಿತವರು ಇಲ್ಲೇ ಇರಬಹುದು, ಉಳಿದವರು ಪ್ಯಾಕಿಂಗಿಗೆ. ಪ್ಯಾಕಿಂಗೆಂದರೆ ಎಂಟು ತಾಸು ನಿಂತೇ ಇರುವುದು. ಲೋಕಲ್ ರೈಲಿನಿಂದ ಇಳಿಯುವಾಗ ಬಿದ್ದಂದಿನಿಂದ ರಾಚವ್ವನ ಬಲ ಮೊಣಕಾಲು ಅರ್ಧ ತಾಸಿಗಿಂತ ಹೆಚ್ಚು ನಿಲ್ಲಗೊಡುತ್ತಿರಲಿಲ್ಲ.

ಆಗ ದಾದರಿನಲ್ಲಿ ಕಂಪ್ಯೂಟರ್ ಕೆಲಸದ ಹೆಂಗಸರ ಸಮ್ಮೇಳನ ನಡೆಯುವುದೆಂದು ಇಂಗ್ಲಿಷ್ ಫಾರ್ಮುಗಳು ಬಂದವು. ಇಪ್ಪತ್ತು ಮಂದಿಯನ್ನು ಆರಿಸಿ ಹೊಸ ಮಷೀನು ಕಲಿಸುವರಂತೆ, ಹೆಸರು ಅಲ್ಲೇ ಓದುವರಂತೆ. ರಾಚವ್ವ ಒಂದು ಫಾರ್ಮು ತುಂಬಿದಳು. ಇನ್ನೊಂದನ್ನು ತೆಗೆದುಕೊಂಡು ಅದನ್ನೂ ಹಾಗೆಯೇ ತುಂಬಿದಳು. ತಾಳೆ ನೋಡಲು ಎರಡು ಬೇಕಲ್ಲ. ಒಂದನ್ನು ಸೋಮವಾರ, ಮತ್ತೊಂದನ್ನು ಮಂಗಳವಾರ ಅಂಚೆಗೆ ಹಾಕಿದಳು.

ಸಮ್ಮೇಳನದ ದಿನ ಬೆಳಿಗ್ಗೆ ಚಾಳಿನ ನೆರೆಮನೆಯ ನಾಗವ್ವ ನಳದ ಹತ್ತಿರ ತಡೆದಳು.

“ಏನವಾ, ಇಳಕಲ್ ಸೀರಿ ಉಟ್ಟೀದಿ? ಮಷೀನಿನ ಮದಿವಿಗೆ ಹೊಂಟೀಯೇನು?”

“ಮದಿವಿ ಅಲ್ಲವಾ, ಹೆಣ್ಣು ತೋರ್ಸೂದು. ಪಸಂದ್ ಆದ್ರ ಇಟ್ಕೋತಾರ.”

ಸಭೆಯಲ್ಲಿ ಮಧ್ಯಾಹ್ನದ ತನಕ ಇಂಗ್ಲಿಷ್ ಭಾಷಣ. ಆಮೇಲೆ ಹೆಸರು ಓದಿದರು. ರಾಚವ್ವ ಸೆರಗಿನೊಳಗೆ ಬೆರಳು ಮಡಚುತ್ತ ಎಣಿಸಿದಳು. ಇಪ್ಪತ್ತೂ ಆಯಿತು. ಅವಳ ಹೆಸರು ಬರಲಿಲ್ಲ.

ಬಾಗಿಲ ಬಳಿಯ ಮೇಜಿನಲ್ಲಿ ವಸಂತಿ ಕೂತಿದ್ದಳು. ಮಂಗಳೂರಿನ ಹುಡುಗಿ, ರಾಚವ್ವನ ಪಕ್ಕದಲ್ಲೇ ಕೂತು ಕೆಲಸ ಕಲಿತು, ಈಗ ಅಂಧೇರಿಯ ಆಫೀಸೊಂದಕ್ಕೆ ಹೋಗಿದ್ದವಳು. ಸಮ್ಮೇಳನದ ಫಾರ್ಮುಗಳು ಅವಳ ಕೈಯಿಂದಲೇ ದಾಟಿದ್ದವು.

“ತಂಗಿ, ನಂದು ಮುಟ್ಟಿಲ್ಲೇನು ನೋಡು.”

ವಸಂತಿ ತೆಗೆದಿಟ್ಟ ಕಟ್ಟು ಬಿಚ್ಚಿದಳು. ಅವಳ ಮುಖ ಸಣ್ಣದಾಯಿತು.

“ಅಕ್ಕ, ಒಬ್ಬರದ್ದು ಎರಡು ಬಂದ್ರೆ ಎರಡೂ ತೆಗೀಲಿಕ್ಕೆ ಹೇಳಿದ್ರು. ಕೆಳಗೆ ಬರೆದಿತ್ತಲ್ಲ ಮಾರಾಯ್ರೆ, ಒಬ್ಬರಿಗೆ ಒಂದೇ ಅಂತ! ನಾನೇ ತೆಗೆದದ್ದು. ಯಾರದ್ದು ಅಂತ ನೋಡ್ಲೇ ಇಲ್ಲ.”

ಹಾಗೆ ನೋಡಬಾರದೆಂದು ಕಲಿಸಿದವಳು ರಾಚವ್ವನೇ. ‘ಯಾರ ಹೆಸರು ಏನು ಅಂತ ಓದಬ್ಯಾಡ, ಓದಿದ್ರ ಕೈ ತಪ್ತದ’ ಎಂದು ದಿನಾ ಹೇಳುತ್ತಿದ್ದಳು.

“ಈಗ ಹೇಳಿದ್ರ ಆಗೂದಿಲ್ಲೇನು?”

“ಇಪ್ಪತ್ತೂ ಓದಿ ಆಯ್ತಲ್ಲ ಅಕ್ಕ.”

ರಾಚವ್ವ ಬಿಚ್ಚಿದ ಕಟ್ಟಿನತ್ತ ಬಗ್ಗಿದಳು.

“ನನ್ನ ಎರಡೂ ಫಾರ್ಮು ಕೂಡಿದ್ದುವೇನು? ಅಕ್ಷರಕ್ಕ ಅಕ್ಷರ?”

“ಕೂಡಿದ್ದಕ್ಕೇ ಅಲ್ವಾ ಸಿಕ್ಕಿಬಿದ್ದದ್ದು.”

“ಹಂಗಾರ ನಿನ್ನ ತಪ್ಪಿಲ್ಲ, ಬಿಡು. ಅಳಬ್ಯಾಡ.”

ಏಪ್ರಿಲ್ ಒಂದಕ್ಕೆ ಅವಳು ಪ್ಯಾಕಿಂಗಿನಲ್ಲಿ ನಿಂತಳು. ಡಬ್ಬಿಗೆ ಚೀಟಿ ಅಂಟಿಸುವ ಕೆಲಸ. ಅಂಟಿಸಿದ್ದನ್ನು ಹಿಂದಕ್ಕೆಳೆದು ಇನ್ನೊಮ್ಮೆ ನೋಡುತ್ತಿದ್ದಳು. “ಏಕ್ ಬಾರ್ ಬಸ್ ಹೈ, ಬಾಯಿ,” ಒಮ್ಮೆ ನೋಡಿದರೆ ಸಾಕೆಂದು ಮುಕಾದಮ ಗದರುತ್ತಿದ್ದ. ಮೊಣಕಾಲು ಮಳೆಗಾಲದ ತನಕ ತಾಳಿತು, ಆಮೇಲೆ ನಿಲ್ಲಗೊಡಲಿಲ್ಲ.