ಟ್ರಂಪೆಟ್ಟಿಗೆ ಒದ್ದೆ ತುಟಿ ಬೇಕು

ನನ್ನ ತಂಗಿ ನಮ್ಮ ಚರ್ಚಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾಳೆ. ಅದು ಅಪ್ಪ ಊದುತ್ತಿದ್ದ ಟ್ರಂಪೆಟ್. ಅವಳೇ ಕೇಳಿ ತೆಗೆದುಕೊಂಡದ್ದು. ಊದುವುದು ನನಗೆ ಒಲಿಯಲಿಲ್ಲ, ಅದೇ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತೇನೆ.

ಹೋದ ವರ್ಷ ಹಬ್ಬದ ಮೆರವಣಿಗೆ ಸುಡುಬಿಸಿಲಿನಲ್ಲಿ ಹೊರಟಿತ್ತು. ಅರ್ಧ ದಾರಿಗೇ ಅವಳ ಬಾಯಿ ಒಣಗಿಹೋಯಿತು. ತುಟಿ ಒಣಗಿದರೆ ಟ್ರಂಪೆಟ್ಟಿನಿಂದ ಬರೀ ಗಾಳಿ ಬರುತ್ತದೆ, ಸ್ವರ ಹೊರಡುವುದಿಲ್ಲ. ಚಾಮರಾಜಪುರಂನ ನಮ್ಮ ಮನೆ ತಲುಪಿದವಳೇ ಒಂದು ಚೊಂಬು ನೀರು ಕುಡಿದಳು.

ಆಮೇಲೆ ಬಾಯಿ ಯಾವುದರಿಂದ ಒಣಗುತ್ತದೆಂದು ತನಗೆ ತಾನೇ ಪರೀಕ್ಷೆ ಮಾಡಿಕೊಳ್ಳತೊಡಗಿದಳು. ಸಂಜೆ ಹೊತ್ತು ಏನಾದರೊಂದು ತಿಂದು, ಇಲ್ಲವೇ ಕುಡಿದು, ತಾರಸಿಗೆ ಹೋಗಿ ಊದುವಳು. ಅಮ್ಮನ ಅನುಮಾನವೆಲ್ಲ ಕಾಫಿಯ ಮೇಲೆ.

"ಕಾಫಿ ಮೈಯಲ್ಲಿರೋ ನೀರನ್ನೆಲ್ಲ ಎಳ್ಕೊಂಡ್ಬುಡುತ್ತೆ ಕಣೇ."

"ಒಂದು ಲೋಟಕ್ಕೆ ಏನಾಗಲ್ಲಮ್ಮ, ಅದ್ರಲ್ಲೂ ನೀರೇ ತಾನೆ ಇರೋದು. ನನ್ನ ಬಾಯಿ ಒಣಗ್ಸೋದು ಆ ಉಪ್ಪುಖಾರದ ಮಿಕ್ಸ್ಚರು," ಎಂದಳು ತಂಗಿ.

ಈ ವರ್ಷ ಮೆರವಣಿಗೆಗೆ ಮುಂಚೆ ಬ್ಯಾಂಡಿನವರಿಗೆ ಎಂದಿನಂತೆ ಕಾಫಿ, ಮಿಕ್ಸ್ಚರು ಬಂದವು. ತಂಗಿ ಅದರ ಪಕ್ಕದಲ್ಲೇ ಸೌತೆಕಾಯಿ, ಕಲ್ಲಂಗಡಿ ಹೋಳು, ನೀರು ಮಜ್ಜಿಗೆ ತಂದಿಟ್ಟಳು. ಬ್ಯಾಂಡ್ ಮಾಸ್ಟರ್ ನಕ್ಕರು.

"ಇದೇನಮ್ಮ, ಜ್ವರ ಬಂದೋರಿಗೆ ಕೊಟ್ಟಂಗೆ?"

"ಕಾಫಿ ಕುಡೀರಿ ಮಾಸ್ಟ್ರೇ, ಬೇಡ ಅನ್ನಲ್ಲ. ಮಿಕ್ಸ್ಚರ್ ಮಾತ್ರ ವಾಪಸ್ ಬಂದ್ಮೇಲೆ ತಿನ್ನಿ."

ಅವರು ಎರಡು ಹಿಡಿ ಮಿಕ್ಸ್ಚರು ಬಾಯಿಗೆ ಹಾಕಿಕೊಂಡೇ ಹೊರಟರು.

ಮೆರವಣಿಗೆ ಮರಳಿ ಚರ್ಚಿನ ಬೀದಿಗೆ ತಿರುಗುವಾಗ ಮಾಸ್ಟರ್ ಒಬ್ಬರೇ ಊದುವ ಭಾಗವೊಂದಿದೆ. ಅವರು ಟ್ರಂಪೆಟ್ ಎತ್ತಿದರು, ತುಟಿ ಸವರಿಕೊಂಡರು, ಮತ್ತೆ ಸವರಿಕೊಂಡರು. ಕೊನೆಗೆ ಕೆಳಗಿಳಿಸಿ ತಂಗಿಯ ಕಡೆ ತಿರುಗಿದರು.

"ಇದನ್ನ ನೀನೇ ಊದಮ್ಮ."

ಅವಳು ಅಪ್ಪನ ಟ್ರಂಪೆಟ್ ಎತ್ತಿದಳು. ಮೇಲಿನ ಸ್ವರ ಸ್ವಲ್ಪವೂ ನಡುಗದೆ ಎದ್ದು ಬೀದಿಯುದ್ದಕ್ಕೂ ಹರಿಯಿತು. ಬಾಲ್ಕನಿಗಳಲ್ಲಿ ಹರಟುತ್ತಿದ್ದವರು ಕಂಬಿಯ ಮೇಲೆ ಬಾಗಿ ನೋಡಿದರು. ಫುಟ್‌ಪಾತಿನಲ್ಲಿ ನಿಂತಿದ್ದ ಅಮ್ಮ ಪಕ್ಕದ ಅಪರಿಚಿತ ಹೆಂಗಸಿಗೆ, "ನನ್ನ ಮಗಳು ಕಣ್ರೀ," ಎಂದದ್ದು ನನಗೂ ಕೇಳಿಸಿತು. ನನ್ನ ಎದೆ ಉಬ್ಬಿತು. ಬ್ಯಾಂಡೆಲ್ಲ ಮತ್ತೆ ಸೇರಿಕೊಳ್ಳಬೇಕಾದ ಜಾಗದಲ್ಲಿ ನನ್ನ ಡ್ರಮ್ಮಿನ ಪೆಟ್ಟು ತಡವಾಗಿ ಬಿತ್ತು. ಅಷ್ಟಕ್ಕೆಲ್ಲ ಬೈಯುವ ಮಾಸ್ಟರ್ ಅಂದು ತಿರುಗಿಯೂ ನೋಡಲಿಲ್ಲ. ಅವಳು ಊದುವುದನ್ನೇ ಕೇಳುತ್ತಿದ್ದರು.

ಆ ಭಾಗ ಈಗ ಅವಳದ್ದೇ.